ಕಸವೇ ಹುಟ್ಟದಂತೆ

ನಮ್ಮ ಗೃಹಿಣಿಯರಿಗೆ ಮಿತವ್ಯಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಕುಂಬಳದ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ, ಬೀಜ ಒಣಗಿ ಡಬ್ಬಿಗೆ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ. ಹೀಗೆ ನಡೆಯುವ ಅಡಿಗೆಮನೆಯಿಂದ ಹೊರಗೆ ಚೆಲ್ಲುವುದು ಹಿಡಿಯಷ್ಟು ಮಾತ್ರ. ರಸಾಯನದ ಕಾರ್ಖಾನೆಯೂ ಒಂದು ಬಗೆಯ ಅಡಿಗೆಮನೆಯೇ. ಆದರೆ ಬೇಕಾದುದನ್ನು ತೆಗೆದುಕೊಂಡು, ಬೇಡವಾದುದನ್ನು ಹೊಳೆಗೋ ಹಳ್ಳಕ್ಕೋ ನೂಕುವುದು ಅಲ್ಲಿ ಬಹುಕಾಲ ರೂಢಿಯಾಗಿದ್ದಿತು. ಹಾಗೆ ನೂಕಿದುದು ನೆಲಕ್ಕಿಳಿದು, ಯಾರದೋ ಬಾವಿಯ ನೀರಿನಲ್ಲಿ ಮತ್ತೆ ಮೇಲೆದ್ದರೆ ಅದರ ಫಲವನ್ನು ಅನುಭವಿಸುವವರು ಕಾರ್ಖಾನೆಯನ್ನು ಕಣ್ಣಿನಿಂದಲೂ ಕಂಡವರಲ್ಲ.

ಈ ರೂಢಿಯನ್ನು ಮುರಿದ ಒಂದು ನಿದರ್ಶನವನ್ನು ವಾಚಕರ ಮುಂದಿಡುತ್ತೇವೆ. ತಲೆನೋವು, ಹಲ್ಲುನೋವುಗಳಿಗೆ ಅನೇಕರು ನುಂಗುವ ಐಬುಪ್ರೊಫೆನ್ ಗುಳಿಗೆಯನ್ನು ಕೇಳದವರು ವಿರಳ. ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟುವರ್ಟ್ ಆಡಮ್ಸ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದ ಈ ಔಷಧವು 1969ರಲ್ಲಿ ಆ ದೇಶದ ರೋಗಿಗಳಿಗೆ ದೊರೆಯಲಾರಂಭಿಸಿತು.

ಮೊದಲಿನ ವಿಧಾನದಲ್ಲಿ ಐಸೊಬ್ಯುಟೈಲ್ ಬೆಂಜೀನ್ ಎಂಬ ದ್ರವವು ಔಷಧವಾಗಿ ಮಾರ್ಪಡಲು ಆರು ಹಂತಗಳನ್ನು ದಾಟಬೇಕಾಗಿದ್ದಿತು. ಒಂದೊಂದು ಹಂತದಲ್ಲಿಯೂ ಸೇರಿಸಿದ ವಸ್ತುಗಳಲ್ಲಿ ಸ್ವಲ್ಪ ಭಾಗ ಮಾತ್ರ ಒಳಗೆ ನಿಲ್ಲುವುದು, ಉಳಿದುದು ಕಸ. ಲೆಕ್ಕದಂತೆ, 100 ಸೇರು ಮೂಲವಸ್ತುಗಳಲ್ಲಿ ಔಷಧದೊಳಗೆ ಸೇರುತ್ತಿದ್ದುದು 40 ಸೇರು. ಎಂದರೆ ಒಂದು ಸೇರು ಔಷಧಕ್ಕೆ ಒಂದೂವರೆ ಸೇರು ಕಸ! ಇದಲ್ಲದೆ, ಕ್ರಿಯೆಯನ್ನು ನಡೆಯಿಸಲು ಹೇರಳವಾಗಿ ಬೇಕಾಗುತ್ತಿದ್ದ ಅಲ್ಯೂಮಿನಿಯಮ್ ಕ್ಲೋರೈಡು ಕೆಲಸ ಮುಗಿದೊಡನೆ ಒದ್ದೆಯ ರಾಡಿಯಾಗಿ, ಸಾಮಾನ್ಯವಾಗಿ ನೆಲದ ಗುಂಡಿಗಳನ್ನು ಸೇರುತ್ತಿದ್ದಿತು.

1980ರ ದಶಕದ ನಡುವೆ ಬೂಟ್ಸ್ ಕಂಪನಿಯ ಪೇಟೆಂಟಿನ ಅವಧಿ ಮುಗಿಯಲು, ಔಷಧವನ್ನು ತಯಾರಿಸುವ ಮಾರ್ಗ ಇತರರಿಗೂ ತೆರೆಯಿತು. ಸ್ಪರ್ಧೆಯಲ್ಲಿ ನಿಲ್ಲಬೇಕಾದರೆ ಖರ್ಚು ಇಳಿಯಬೇಕು. ಖರ್ಚು ಇಳಿಯಬೇಕಾದರೆ ಕಸ ಇಳಿಯಬೇಕು. ಬೂಟ್ಸ್ ಮತ್ತು ಹೋಕ್ಸ್ಟ್ ಸೆಲನೀಸ್ ಕಂಪನಿಗಳು ಕೂಡಿ ಹೊಸ ವಿಧಾನವೊಂದನ್ನು ರೂಪಿಸಿದುವು. 1992ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಬಿಷಪ್ ಎಂಬಲ್ಲಿ ಅದಕ್ಕಾಗಿ ಕಾರ್ಖಾನೆಯು ಆರಂಭವಾಯಿತು.

ಆರಂಭದ ದ್ರವವು ಅದೇ. ಹಂತಗಳು ಮಾತ್ರ ಮೂರು. ಎರಡನೆಯ ಹಂತದಲ್ಲಿ ನಿಕ್ಕಲ್, ಮೂರನೆಯದರಲ್ಲಿ ಪಲ್ಲಾಡಿಯಮ್ ಲೋಹಗಳು ಕ್ರಿಯೆಯನ್ನು ನಡೆಯಿಸುತ್ತವೆ. ಇವು ಮದುವೆಯನ್ನು ಕೂಡಿಸುವ ಹಿರಿಯರಂತೆ: ಕಾರ್ಯವನ್ನು ನೆರವೇರಿಸಿ ತಾವು ಬೇರೆಯಾಗಿಯೇ ಉಳಿಯುತ್ತವೆ. 100 ಸೇರಿನಲ್ಲಿ 77 ಸೇರು ಈಗ ಔಷಧವಾಗುವುದು. ಉಳಿದುದರಲ್ಲಿ ಬಹುಪಾಲು ಅಸೆಟಿಕ್ ಆಮ್ಲ, ಎಂದರೆ ವಿನಿಗರಿಗೆ ಹುಳಿಯನ್ನು ಕೊಡುವ ವಸ್ತು. ಅದನ್ನೂ ಸಂಗ್ರಹಿಸಿ ಉಪಯೋಗಿಸಿದರೆ ಸಾರ್ಥಕವಾಗುವ ಪಾಲು 99ಕ್ಕೆ ಏರುತ್ತದೆ. 1997ರಲ್ಲಿ ಈ ವಿಧಾನಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನ ಪ್ರಶಸ್ತಿಯು ದೊರೆಯಿತು.

ಆದರೂ ಕಸ ಕಡಮೆಯಾಯಿತೆಂದ ಮಾತ್ರಕ್ಕೆ ಅಪಾಯವೆಲ್ಲ ಕಳೆಯಿತೆಂದು ತಿಳಿಯಲಾಗದು. ಮೊದಲನೆಯ ಹಂತದಲ್ಲಿ ಅಲ್ಯೂಮಿನಿಯಮ್ ಕ್ಲೋರೈಡಿನ ಬದಲು ಬಳಸುವ ಹೈಡ್ರೊಜನ್ ಫ್ಲೋರೈಡು ಘೋರವಾದ ವಸ್ತು; ಮೈಗೆ ತಗಲಿದರೆ ಮಾಂಸವನ್ನು ಸುಟ್ಟು ಎಲುಬಿಗೂ ಹಾನಿಮಾಡಬಲ್ಲುದು. ಅದರಲ್ಲಿ ನೂರಕ್ಕೆ 99.9ಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಹೊರಗಿನವರ ನೆಮ್ಮದಿಯು ಒಳಗೆ ದುಡಿಯುವವರ ಎಚ್ಚರಿಕೆಯನ್ನು ಅವಲಂಬಿಸಿದೆ ಎಂಬುದನ್ನು ಮರೆಯಬಾರದು.

ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂದು ಹಿರಿಯರು ಹೇಳುವರು. ಕಸವನ್ನು ಎಲ್ಲಿ ಹಾಕೋಣವೆಂಬುದು ಒಲೆ ಆರಿದ ಮೇಲಿನ ಪ್ರಶ್ನೆ; ಕಸವೇ ಹುಟ್ಟದಂತೆ ಹೇಗೆ ಮಾಡೋಣವೆಂಬುದು ಒಲೆ ಹಚ್ಚುವ ಮುನ್ನಿನ ಪ್ರಶ್ನೆ. ಬಿಷಪ್ಪಿನ ಕಾರ್ಖಾನೆಯನ್ನು ಕಟ್ಟಿದವರು ಎರಡನೆಯದನ್ನು ಕೇಳಿದರು.

ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ಇಷ್ಟು ಜಾಣ್ಮೆಯಿಂದ ತಯಾರಾದ ಗುಳಿಗೆಗಳನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಕೊಂಡು, ಅವಧಿ ಮೀರಿದ ಮೇಲೆ ಬಚ್ಚಲಿಗೆ ಚೆಲ್ಲಿದರೆ ಅಲ್ಲಿ ಉಳಿಸಿದುದನ್ನು ಇಲ್ಲಿ ಕಳೆದಂತಾಯಿತು. ವೈದ್ಯರು ಹೇಳಿದಷ್ಟನ್ನೇ ಕೊಳ್ಳೋಣ. ಮನೆಯ ಮದ್ದಿನ ಪೆಟ್ಟಿಗೆಯಲ್ಲಿಯೂ ಕಸವು ಹುಟ್ಟದಿರಲಿ.