ಹಾನ್ಲೆಯಲ್ಲಿ ಕತ್ತಲೆಗೂ ಕಾವಲು

ಸೂರ್ಯ ಮುಳುಗಿದ ಮೇಲೆ ಹಾನ್ಲೆಗೆ ಬರುವ ಗಾಡಿಗಳು ಹೈ ಬೀಮ್ ಹಾಕುವಂತಿಲ್ಲ. ಮನೆಗಳ ಕಿಟಕಿಗೆ ದಪ್ಪ ಪರದೆ, ಹೊರಗಿನ ದೀಪಕ್ಕೆ ಬೆಳಕು ನೆಲದ ಮೇಲಷ್ಟೇ ಬೀಳುವಂಥ ಮುಚ್ಚಿಗೆ. ಲಡಾಖಿನ ಈ ಶೀತ ಮರುಭೂಮಿಯಲ್ಲಿ ನಡೆಯುವ ‘ಸ್ಟಾರ್ ಪಾರ್ಟಿ’ಗೆ, ಅಂದರೆ ಹವ್ಯಾಸಿಗಳು ಸೇರಿ ಆಕಾಶ ನೋಡುವ ಕೂಟಕ್ಕೆ, ಮುಖ್ಯ ಬಂಡವಾಳ ಕತ್ತಲೆಯೇ. ಟೆಲಿಸ್ಕೋಪುಗಳ ಮಾತು ಆಮೇಲೆ.

ಚಾಂಗ್‌ತಾಂಗ್ ವನ್ಯಜೀವಿಧಾಮದೊಳಗಿನ 1,073 ಚದರ ಕಿ.ಮೀ. ಜಾಗವನ್ನು 2022ರ ಡಿಸೆಂಬರ್‌ನಲ್ಲಿ ಕಗ್ಗತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ದೇಶದಲ್ಲಿ ಇಂಥದ್ದು ಇದೇ ಮೊದಲು. ಇದರ ಹಿಂದಿರುವುದು ನಮ್ಮ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಹಾನ್ಲೆಯ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಸಂಸ್ಥೆಯ ವೀಕ್ಷಣಾಲಯವಿದೆ. ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ. ಊರಿನ ಕೆಲವರಿಗೆ ಸಂಸ್ಥೆ ತರಬೇತಿ ಕೊಟ್ಟು ಸಣ್ಣ ಟೆಲಿಸ್ಕೋಪುಗಳನ್ನೂ ಕೊಟ್ಟಿದೆ. ಪ್ರವಾಸಿಗರಿಗೆ ಆಕಾಶ ತೋರಿಸುವುದು ಅವರಿಗೆ ಈಗ ಒಂದು ಆದಾಯ. ಕತ್ತಲೆ ಉಳಿದರೆ ತಮಗೂ ಲಾಭ ಎಂದು ಗೊತ್ತಿರುವ ಊರಿನಲ್ಲಿ ನಿಯಮ ಪಾಲನೆ ಸುಲಭ.

ಮೊದಲ ಸ್ಟಾರ್ ಪಾರ್ಟಿ ನಡೆದದ್ದು 2023ರ ಅಕ್ಟೋಬರ್‌ನಲ್ಲಿ. ಅರ್ಜಿ ಹಾಕಿ ಆಯ್ಕೆಯಾದ ಹವ್ಯಾಸಿಗಳು ತಮ್ಮ ಟೆಲಿಸ್ಕೋಪು, ಕ್ಯಾಮೆರಾ ಹೊತ್ತು ಬರುತ್ತಾರೆ. ದಿನ ಗೊತ್ತು ಮಾಡುವುದು ಪಂಚಾಂಗ ನೋಡಿಯೇ: ಮಹಾಲಯ ಅಮಾವಾಸ್ಯೆಯ ಆಸುಪಾಸು. ಹುಣ್ಣಿಮೆ ಚಂದ್ರನಿದ್ದರೆ ಎಂಥ ಮರುಭೂಮಿಯಲ್ಲೂ ಆಕಾಶಗಂಗೆ ಮಂಕು. ಅಮಾವಾಸ್ಯೆ ಕಳೆದ ಮೂರ್ನಾಲ್ಕು ದಿನ ತೊಂದರೆಯಿಲ್ಲ, ಎಳೆಚಂದ್ರ ಸಂಜೆಯೇ ಮುಳುಗಿಬಿಡುತ್ತಾನೆ. ಹಿಮಾಲಯದ ಮಳೆನೆರಳಿನಲ್ಲಿರುವುದರಿಂದ ಗಾಳಿಯೂ ಒಣ. ತೇವ, ದೂಳು ಕಡಿಮೆಯಿದ್ದಷ್ಟೂ ಬೆಳಕು ಚದರುವುದು ಕಡಿಮೆ.

ಇನ್ನು ಕಣ್ಣಿನ ವಿಚಾರ. ದೀಪದ ಕೋಣೆಯಿಂದ ಹೊರಬಂದ ಕೂಡಲೇ ಕಾಣುವುದು ನೂರಿನ್ನೂರು ಚುಕ್ಕೆ ಮಾತ್ರ. ರೆಟಿನಾದ ‘ರಾಡ್’ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಯಾರೋ ಒಬ್ಬರು ಮೊಬೈಲ್ ತೆಗೆದರೆ ಎಲ್ಲರ ಕಾಯುವಿಕೆಯೂ ಮೊದಲಿನಿಂದ! ಮೈದಾನದಲ್ಲಿ ಕೆಂಪು ಟಾರ್ಚ್ ಮಾತ್ರ ಬಳಸುವುದು ಇದಕ್ಕೇ. ಕೆಂಪು ಬೆಳಕು ರಾಡ್‌ಗಳನ್ನು ಹೆಚ್ಚು ಕೆದಕುವುದಿಲ್ಲ. ಬಿಳಿ ಟಾರ್ಚಿಗೆ ಕೆಂಪು ಸೆಲೊಫೇನ್ ಕಾಗದವನ್ನು ಎರಡು ಮೂರು ಪದರ ಸುತ್ತಿದರೂ ಸಾಕು.

ದೇವಯಾನಿ ಎಂದೂ ಕರೆಯುವ ಆಂಡ್ರೊಮಿಡಾ ಗೆಲಾಕ್ಸಿಯನ್ನು ನೋಡುವಾಗ ಇನ್ನೊಂದು ಚಮತ್ಕಾರ ಗಮನಕ್ಕೆ ಬರುತ್ತದೆ. ಅಕ್ಟೋಬರ್ ರಾತ್ರಿ ಅದು ನೆತ್ತಿಯ ಹತ್ತಿರವೇ ಇರುತ್ತದೆ, 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ನೇರ ದಿಟ್ಟಿಸಿದರೆ ಆ ಮಬ್ಬು ಮಚ್ಚೆ ಕರಗುತ್ತದೆ; ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮತ್ತೆ ಮೂಡುತ್ತದೆ. ರೆಟಿನಾದ ನಟ್ಟನಡುವೆ ರಾಡ್ ಕೋಶಗಳಿಲ್ಲ, ಅವೆಲ್ಲ ಸುತ್ತಲೂ ಇವೆ. ಟೆಲಿಸ್ಕೋಪಿನಲ್ಲೂ ಇದೇ ಓರೆನೋಟ ಬೇಕು. ಜೊತೆಗೆ ರಾಡ್‌ಗಳಿಗೆ ಆಮ್ಲಜನಕದ ಹಸಿವು ಜಾಸ್ತಿ. ಹಾಗಾಗಿ ಹಾನ್ಲೆಯ ತೆಳು ಗಾಳಿಯಲ್ಲಿ ರಾತ್ರಿ ದೃಷ್ಟಿ ಕೊಂಚ ಕುಗ್ಗುತ್ತದೆ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ತಂಗಿ ಎತ್ತರಕ್ಕೆ ಒಗ್ಗಿಕೊಂಡು ಹೋಗಿ ಎನ್ನುವುದು ತಲೆನೋವು, ವಾಂತಿ ತಪ್ಪಿಸಲಷ್ಟೇ ಅಲ್ಲ.

ಕತ್ತಲಲ್ಲಿ ಅರಳಿದ ಪಾಪೆ ಹೆಚ್ಚೆಂದರೆ 7 ಮಿ.ಮೀ. ಹತ್ತಿಂಚಿನ ಕನ್ನಡಿಯ ಟೆಲಿಸ್ಕೋಪು ಅದರ ಸಾವಿರ ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಆದರೆ ಬೆಚ್ಚಗಿನ ಕೋಣೆಯಿಂದ ತಂದ ತಕ್ಷಣ ಕಣ್ಣಿಟ್ಟರೆ ಶನಿಯ ಬಳೆ ಕುದಿಯುವ ನೀರಿನ ತಳದಲ್ಲಿದ್ದಂತೆ ಅಲುಗಾಡುತ್ತದೆ. ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು. ಸಂಜೆಯೇ ಹೊರಗಿಡುವುದು ವಾಡಿಕೆ. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಕ್ಯಾಮೆರಾದವರು ಹೆಚ್ಚುವರಿ ಬ್ಯಾಟರಿಗಳನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಸರದಿ ಬಂದಾಗ ಕೊಳವೆಯನ್ನು ಹಿಡಿದುಕೊಂಡು ನೋಡಬೇಡಿ. ಅದು ಕೂದಲೆಳೆಯಷ್ಟು ಸರಿದರೂ ಗುರಿ ತಪ್ಪಿ, ಹಿಂದೆ ನಿಂತವರು ಇನ್ನೊಂದಿಷ್ಟು ಹೊತ್ತು ನಡುಗಬೇಕು.

ಹಾಗೆಂದು ಆಕಾಶವೆಲ್ಲ ಹಾನ್ಲೆಯಲ್ಲೇ ಚೆನ್ನ ಎನ್ನುವಂತಿಲ್ಲ. ಉತ್ತರಕ್ಕೆ ಹೋದಷ್ಟೂ ಧ್ರುವ ನಕ್ಷತ್ರ ಮೇಲೇರುತ್ತದೆ: ಬೆಂಗಳೂರಿನಲ್ಲಿ 13 ಡಿಗ್ರಿ, ಅಲ್ಲಿ 33. ದಕ್ಷಿಣದ ತಾರೆಗಳು ಅಷ್ಟೇ ಕೆಳಗಿಳಿಯುತ್ತವೆ. ಚಾಚಿದ ಕೈಯ ಮುಷ್ಟಿಯೊಂದು ಸುಮಾರು ಹತ್ತು ಡಿಗ್ರಿ ಎಂದಿಟ್ಟುಕೊಳ್ಳಿ. ಆಕಾಶದ ಎರಡನೇ ಅತಿ ಪ್ರಕಾಶಮಾನ ನಕ್ಷತ್ರವಾದ ಅಗಸ್ತ್ಯ ಬೆಂಗಳೂರಿನಲ್ಲಿ ಸುಮಾರು ಎರಡೂವರೆ ಮುಷ್ಟಿಯಷ್ಟು ಏರುತ್ತದೆ. ಹಾನ್ಲೆಯಲ್ಲಿ ಅರ್ಧ ಮುಷ್ಟಿಯೂ ಇಲ್ಲ. ದಕ್ಷಿಣಕ್ಕೊಂದು ಬೆಟ್ಟ ಅಡ್ಡವಿದ್ದರೆ ಅದೂ ಹೋಯಿತು. ಅಗಸ್ತ್ಯನನ್ನು ನೋಡಲು ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಮನೆ ತಾರಸಿಯೇ ವಾಸಿ.