ದೋಣಿ ಎಲ್ಲೈತಿ? ಮ್ಯಾಲಿಂದ ಸುದ್ದಿ ಬರ್ತೈತಿ

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಸಮುದ್ರದ ಸುದ್ದಿ ಯಾಕೆ? "ನಮಗ್ಯಾಕ್ರೀ ಅದು, ನಮ್ಮಲ್ಲಿ ಕುಡಿಯೋ ನೀರಿಗೇ ತ್ರಾಸ್ ಐತಿ" ಎಂದರೆ ತಪ್ಪೇನಿಲ್ಲ. ಆದರೆ ಸಂತೆಯ ಒಣಮೀನು, ಮಂಜುಗಡ್ಡೆಯಲ್ಲಿ ಬರುವ ಬಂಗಡೆ ಎಲ್ಲಾ ಕರಾವಳಿಯದೇ. ಅಲ್ಲಿ ಬೋಟು ಎಲ್ಲಿ ಹೋಯಿತು, ಎಷ್ಟು ಹಿಡಿಯಿತು ಎಂಬುದಕ್ಕೂ ಇಲ್ಲಿನ ತಕ್ಕಡಿಗೂ ನಂಟುಂಟು.

ಬೋಟು ಎಲ್ಲಿದೆಯೆಂದು ತಿಳಿಯದಿದ್ದರೆ ಏನಾಗುತ್ತದೆಂದು ಮಲ್ಪೆಯವರನ್ನು ಕೇಳಬೇಕು. 2018ರ ಡಿಸೆಂಬರ್ 13ರಂದು ಅಲ್ಲಿಂದ 'ಸುವರ್ಣ ತ್ರಿಭುಜ' ಏಳು ಮಂದಿಯೊಂದಿಗೆ ಹೊರಟಿತು. 15ರ ರಾತ್ರಿ ಕಳೆದ ಮೇಲೆ ಸುದ್ದಿಯೇ ಇಲ್ಲ. ನೌಕಾಪಡೆ ಹುಡುಕಿತು, ಕರಾವಳಿ ಕಾವಲು ಪಡೆ ಹುಡುಕಿತು. ಸಿಟ್ಟಿಗೆದ್ದ ಮೀನುಗಾರರು ಹೆದ್ದಾರಿಯನ್ನೇ ತಡೆದರು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇನಲ್ಲಿ. ಅಷ್ಟು ತಿಂಗಳು ಏಳು ಮನೆಯವರು ಬಾಗಿಲು ನೋಡುತ್ತ ಕುಳಿತಿದ್ದರು. ಹೋದವರು ಬರಲೇ ಇಲ್ಲ.

ದಡ ಬಿಟ್ಟು ದೂರ ಹೋದರೆ ಮೊಬೈಲ್ ಸತ್ತಂತೆ. ಅದಕ್ಕೇ ಇಸ್ರೋ ಟ್ರಾನ್ಸ್‌ಪಾಂಡರ್ ಎಂಬ ಯಂತ್ರ ರೂಪಿಸಿದೆ. ಬೋಟು ಎಲ್ಲಿದೆ ಎಂಬುದನ್ನು ಉಪಗ್ರಹದ ಮೂಲಕ ದಡಕ್ಕೆ ತಿಳಿಸುತ್ತದೆ. ಆಪತ್ತಿನಲ್ಲಿ ಸುದ್ದಿ ಕಳಿಸಬಹುದು, ಬಿರುಗಾಳಿಯ ಎಚ್ಚರಿಕೆ ದಡದಿಂದಲೂ ಬರುತ್ತದೆ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಯೋಜನೆಗೆ ಚಾಲನೆ ಕೊಟ್ಟರು. ಗುರಿ ಒಂದು ಲಕ್ಷ ಬೋಟು, ವೆಚ್ಚ 364 ಕೋಟಿ ರೂಪಾಯಿ. ಮೀನುಗಾರರಿಗೆ ಯಂತ್ರ ಪುಕ್ಕಟೆ.

ಜೀವದ ಮಾತಾಯಿತು, ಇನ್ನು ಮೀನಿನ ಮಾತು. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದನ್ನೂ, ದೊಡ್ಡ ದೀಪ ಹಚ್ಚಿ ಮೀನು ಸೆಳೆಯುವುದನ್ನೂ ಕೇಂದ್ರ 2017ರಲ್ಲೇ ನಿಷೇಧಿಸಿತು. ಆದರೆ ನಡುಗಡಲಲ್ಲಿ ನೋಡುವವರಾರು? ಬೋಟಿನ ಜಾಡು ದಾಖಲಾದರೆ ಯಾವ ಜಾಗದಲ್ಲಿ ಎಷ್ಟು ದಿನ ಬಲೆ ಬಿತ್ತೆಂಬ ಲೆಕ್ಕ ಸಿಗುತ್ತದೆ, ಯಾವ ಜಾಗ ಖಾಲಿಯಾಗುತ್ತಿದೆ ಎಂಬ ಅಂದಾಜೂ ಸಿಗುತ್ತದೆ. ಮೀನುಗಾರನಿಗೆ ಅಂಜಿಕೆಯೂ ಇದ್ದೀತು. ಅಜ್ಜನ ಕಾಲದಿಂದ ಗುಟ್ಟಾಗಿಟ್ಟ ಮೀನಿನ ಜಾಗ ಊರಿಗೆಲ್ಲ ಗೊತ್ತಾದರೆ? ಆ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸರ್ಕಾರ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಯಂತ್ರದ ಗುಂಡಿ ಆಫ್ ಮಾಡೋರು ಇದ್ದೇ ಇರ್ತಾರ.

ನಮ್ಮ ಕಡೆಯ ಮಾತು ಬೇರೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿದ ಆಲಮಟ್ಟಿ, ಮುದ್ದೇಬಿಹಾಳಕ್ಕೆ ತಾಗಿದ ನಾರಾಯಣಪುರದ ಹಿನ್ನೀರು, ಇಂಡಿ–ಸಿಂದಗಿಯ ಭೀಮಾ ತೀರ ಇಲ್ಲೆಲ್ಲ ಬಲೆ ಬೀಳುವುದು ಹರಗೋಲಿನಿಂದ. ಹರಗೋಲಿಗೆ ಉಪಗ್ರಹ ಬೇಡ. ಯಾರು ಯಾವಾಗ ನೀರಿಗಿಳಿದರು, ಎಷ್ಟು ಕಿಲೋ ಕಟ್ಲಾ, ಎಷ್ಟು ಕಿಲೋ ರೋಹು ತಂದರು ಎಂದು ಸಂಘದ ಪುಸ್ತಕದಲ್ಲಿ ದಿನಾ ಬರೆದಿಟ್ಟರೆ, ಮುಂದಿನ ವರ್ಷ ಎಷ್ಟು ಮರಿ ಬಿಡಬೇಕೆಂಬುದು ಅಲ್ಲಿಂದಲೇ ತಿಳಿಯುತ್ತದೆ. ಹೊತ್ತು ಮುಳುಗಿದರೂ ದಡಕ್ಕೆ ಬಾರದ ಹರಗೋಲು ಯಾವುದೆಂಬುದೂ ಅದೇ ಪುಸ್ತಕದಿಂದ ಗೊತ್ತಾಗುತ್ತದೆ.