ಭುಜದ ಕೀಲು: ಬದಲಾಯಿಸಬೇಕೆ, ಬದಲಾಯಿಸಬಹುದೆ?

ತಲೆಗೂದಲನ್ನು ಒಟ್ಟುಗೂಡಿಸಿ ತುರುಬು ಕಟ್ಟುವುದು ಎಷ್ಟು ಸಣ್ಣ ಕೆಲಸ! ಐವತ್ತು ವರ್ಷಗಳಿಂದ ಕನ್ನಡಿಯ ನೆರವೂ ಇಲ್ಲದೆ ಅದನ್ನು ಮಾಡಿಕೊಂಡು ಬಂದ ಗೃಹಿಣಿಯೊಬ್ಬರು, ಎಪ್ಪತ್ತರ ಹೊಸ್ತಿಲಲ್ಲಿ, ಬಲಗೈ ತಲೆಯವರೆಗೆ ಏಳದೆ ಸೊಸೆಯನ್ನು ಕೂಗಬೇಕಾಗುತ್ತದೆ. ಮೊದಲು ಮೇಲಿನ ಗೂಡಿನ ಡಬ್ಬಿ ಎಟುಕದಾಯಿತು. ಆಮೇಲೆ ರವಿಕೆ ತೊಡುವುದು ಕಷ್ಟವಾಯಿತು. ಈಗ ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ರೆಯೇ ಹಾರಿಹೋಗುತ್ತದೆ. ಮೂಳೆಯ ವೈದ್ಯರು ಎಕ್ಸ್‌ರೇ ಚಿತ್ರವನ್ನು ನೋಡಿ, "ಕೀಲು ಸವೆದಿದೆ, ಬದಲಾಯಿಸಬಹುದು" ಎನ್ನುತ್ತಾರೆ. ಮನೆಗೆ ಬಂದೊಡನೆ ಚರ್ಚೆ.

"ಡಾಕ್ಟರೇ ಹೇಳಿದ ಮೇಲೆ ಇನ್ನು ಯೋಚನೆ ಏಕಮ್ಮ? ಮಾಡಿಸಿಬಿಡೋಣ" ಎನ್ನುತ್ತಾನೆ ಮಗ.

"ಮಾಡಿಸಬೇಕು ಎನ್ನಲಿಲ್ಲವಪ್ಪ ಅವರು, ಮಾಡಿಸಬಹುದು ಎಂದರು" ಎನ್ನುತ್ತಾರೆ ತಾಯಿ.

ಇದು ಒಂದು ಮನೆಯ ಕಥೆಯಲ್ಲ. ಭುಜ ಸೋತ ಹಿರಿಯರಿರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತುಕತೆ. ತಾಯಿಯ ಮಾತಿನಲ್ಲಿ ದೊಡ್ಡ ವಿವೇಕವಿದೆ. ಭುಜದ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ "ಬಹುದು" ಎಂಬುದನ್ನು ವೈದ್ಯರು ಹೇಳಬಲ್ಲರು. "ಬೇಕು" ಎಂಬುದನ್ನು ಬಹುಮಟ್ಟಿಗೆ ನೋವುಂಡವರೇ ಹೇಳಬೇಕು.

ಸ್ವಾತಂತ್ರ್ಯದ ಬೆಲೆ

ದೇಹದ ಕೀಲುಗಳಲ್ಲೆಲ್ಲ ಅತ್ಯಂತ ಸ್ವತಂತ್ರವಾಗಿ ತಿರುಗಬಲ್ಲುದು ಭುಜ. ಸೊಂಟದ ಕೀಲಿನಲ್ಲಿ ತೊಡೆಯ ಮೂಳೆಯ ಗುಂಡು ಆಳವಾದ ಬಟ್ಟಲಿನೊಳಗೆ ಭದ್ರವಾಗಿ ಕುಳಿತಿರುತ್ತದೆ. ಭುಜದಲ್ಲಾದರೋ, ತೋಳಿನ ಮೂಳೆಯ ದೊಡ್ಡ ಗುಂಡು ಹೆಗಲೆಲುಬಿನ ಅಂಚಿನ ಕಿರಿದಾದ, ಆಳವಿಲ್ಲದ ತಟ್ಟೆಗೆ ಆತುಕೊಂಡಿದೆ. ಅದು ಜಾರಿ ಹೋಗದಂತೆ ನಾಲ್ಕು ಸ್ನಾಯುಗಳು ಸುತ್ತಲಿಂದ ಹಿಡಿದು ನಿಲ್ಲಿಸಿವೆ. ಆದುದರಿಂದ ಭುಜದ ಆರೋಗ್ಯವೆಂದರೆ ಮೂಳೆಯ ಆರೋಗ್ಯ ಮಾತ್ರವಲ್ಲ, ಈ ಸ್ನಾಯುಗಳ ಆರೋಗ್ಯವೂ ಹೌದು.

ಮೂಳೆಯ ತುದಿಗಳನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿ ಸವೆದುಹೋದಾಗ ಮೂಳೆಗೆ ಮೂಳೆ ಉಜ್ಜತೊಡಗುತ್ತದೆ. ವಯಸ್ಸಿನೊಡನೆ ಬರುವ ಸವೆತ, ಸಂಧಿವಾತ, ರಕ್ತಸಂಚಾರ ನಿಂತು ಗುಂಡು ಕುಸಿಯುವುದು, ಬಹುಕಾಲದಿಂದ ಹರಿದುಳಿದ ಸ್ನಾಯುಗಳು, ಕೆಟ್ಟ ಮುರಿತ, ಇವು ಕೀಲು ಬದಲಾವಣೆಯ ಮಾತು ಬರುವ ಮುಖ್ಯ ಸಂದರ್ಭಗಳು.

ನೋಯುವ ಭುಜವೆಲ್ಲ ಸವೆದ ಭುಜವಲ್ಲ

ಆದರೆ ಭುಜ ನೋಯುವವರೆಲ್ಲರಿಗೂ ಈ ಚಿಕಿತ್ಸೆಯಲ್ಲ. ಜನ ಫ್ರೋಜನ್ ಶೋಲ್ಡರ್ ಎಂದು ಕರೆಯುವ ಭುಜದ ಬಿಗಿತ ನಲವತ್ತರಿಂದ ಅರುವತ್ತರ ವಯಸ್ಸಿನವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿ, ಹೆಚ್ಚು. ಕೈ ಮೇಲೇಳದು, ರಾತ್ರಿ ನಿದ್ರೆ ಬಾರದು. ಹೊರನೋಟಕ್ಕೆ ಎಲ್ಲವೂ ಸವೆದ ಕೀಲಿನಂತೆಯೇ. ಆದರೆ ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿಯೇ ಕಾಣುತ್ತದೆ. ಅದು ಬಹುಪಾಲು ಜನರಲ್ಲಿ ಒಂದರಿಂದ ಮೂರು ವರ್ಷಗಳಲ್ಲಿ ತಾನಾಗಿಯೇ ಸಡಿಲಗೊಳ್ಳುವ ತೊಂದರೆ. ಕತ್ತಿನ ನರ ಒತ್ತಿಕೊಂಡರೂ ನೋವು ಭುಜಕ್ಕಿಳಿಯುತ್ತದೆ. ಇನ್ನು, ನಡೆದಾಗ ಎಡಭುಜದಲ್ಲಿ ನೋವು ಕಾಣಿಸಿಕೊಂಡು ಎದೆ ಬಿಗಿದು ಬೆವರಿದರೆ ಅದು ಹೃದಯದ ಕರೆಯಾಗಿರಬಹುದು, ಅದಕ್ಕೆ ತಡಮಾಡಲೇಕೂಡದು.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಚಿತ್ರದಲ್ಲಿ ಕೀಲು ಪೂರಾ ಸವೆದಂತೆ ಕಂಡರೂ ನೋವು ಅಲ್ಪವಾಗಿದ್ದು ನೆಮ್ಮದಿಯಾಗಿರುವವರಿದ್ದಾರೆ. ಚಿಕಿತ್ಸೆ ಮನುಷ್ಯನಿಗೆ, ಎಕ್ಸ್‌ರೇ ಚಿತ್ರಕ್ಕಲ್ಲ.

ಪ್ಯಾರಿಸ್ಸಿನ ಮೊದಲ ಪ್ರಯೋಗ

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯೂ ರೋಗಿಯೊಬ್ಬನ ತೀರ್ಮಾನದಿಂದಲೇ ಆರಂಭವಾಯಿತು. 1893ರಲ್ಲಿ ಪ್ಯಾರಿಸ್ಸಿನಲ್ಲಿ 37 ವರ್ಷದ ಒಬ್ಬ ಶ್ರಮಜೀವಿಯ ಭುಜವನ್ನು ಕ್ಷಯರೋಗ ತಿಂದುಹಾಕಿತ್ತು. ತೋಳನ್ನು ಕತ್ತರಿಸಿ ತೆಗೆಯುವುದಕ್ಕೆ ಅವನು ಒಪ್ಪಲಿಲ್ಲ. ಆಗ ಶಸ್ತ್ರವೈದ್ಯ ಝೂಲ್ ಎಮಿಲ್ ಪೇಆನ್, ದಂತವೈದ್ಯನೊಬ್ಬನಿಂದ ಪ್ಲಾಟಿನಮ್ ಮತ್ತು ಗಡುಸುಗೊಳಿಸಿದ ರಬ್ಬರಿನ ಕೃತಕ ಕೀಲನ್ನು ಮಾಡಿಸಿ ಅಳವಡಿಸಿದನು. ಕೆಲಕಾಲ ಕೈ ಕೆಲಸ ಮಾಡಿತು. ಸುಮಾರು ಎರಡು ವರ್ಷಗಳಲ್ಲಿ ಸೋಂಕಿನ ದೆಸೆಯಿಂದ ಅದನ್ನು ತೆಗೆದುಬಿಡಬೇಕಾಯಿತು.

1950ರ ದಶಕದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಲೋಹದ ಗುಂಡನ್ನು ರೂಪಿಸಿ ಈ ವಿದ್ಯೆಗೆ ಹೊಸ ಅಡಿಪಾಯ ಹಾಕಿದರು. ಮುಂದೆ ಹೆಗಲೆಲುಬಿನ ಕಡೆಗೆ ಪ್ಲಾಸ್ಟಿಕ್ಕಿನ ತಟ್ಟೆಯನ್ನು ಕೂಡಿಸುವ ಪೂರ್ಣ ಬದಲಾವಣೆ ಬಂದಿತು. ಆದರೆ ನಾಲ್ಕು ಸ್ನಾಯುಗಳು ಹರಿದುಹೋಗಿದ್ದವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲ. ಫ್ರಾನ್ಸಿನ ದಿಜೋನ್ ನಗರದ ಪಾಲ್ ಗ್ರಾಮೋಂ 1985ರಲ್ಲಿ ಕೀಲನ್ನೇ ತಿರುಗುಮುರುಗು ಮಾಡಿದರು: ಗುಂಡು ಹೆಗಲೆಲುಬಿಗೆ, ಬಟ್ಟಲು ತೋಳಿಗೆ! ಇದರಿಂದ, ಹರಿದ ಸ್ನಾಯುಗಳ ಹಂಗಿಲ್ಲದೆ, ಭುಜದ ಹೊರಮೈಯ ದೊಡ್ಡ ಸ್ನಾಯುವೇ ಕೈಯನ್ನು ಎತ್ತಬಲ್ಲದು. ಅಮೆರಿಕದಲ್ಲಿ ಇದಕ್ಕೆ 2003ರಲ್ಲಿ ಅನುಮತಿ ದೊರೆಯಿತು. ಸಾಮಾನ್ಯ ಕೀಲೋ, ಈ ತಿರುವು ಕೀಲೋ ಎಂಬುದನ್ನು ಸ್ನಾಯುಗಳ ಸ್ಥಿತಿ, ಉಳಿದಿರುವ ಮೂಳೆ, ವಯಸ್ಸು ಇವುಗಳನ್ನು ನೋಡಿ ನಿಶ್ಚಯಿಸುತ್ತಾರೆ. ಸಿ.ಟಿ., ಎಂ.ಆರ್.ಐ. ಪರೀಕ್ಷೆಗಳು ಅದಕ್ಕಾಗಿಯೇ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲನೆಯದು: ನೋವು ಏನನ್ನು ಕಸಿದುಕೊಂಡಿದೆ? ಆಗೊಮ್ಮೆ ಈಗೊಮ್ಮೆ ಕಾಡುವ ನೋವಿಗೆ ಈ ಚಿಕಿತ್ಸೆ ಹೆಚ್ಚಾಯಿತು. ವಿಶ್ರಾಂತಿಯಲ್ಲಿಯೂ ಬಿಡದೆ, ರಾತ್ರಿಯ ನಿದ್ರೆಯನ್ನೂ ಸ್ನಾನ, ಉಡುಗೆ, ಊಟಗಳನ್ನೂ ಕೆಡಿಸಿದ್ದರೆ ಆಲೋಚಿಸತಕ್ಕದ್ದು.

ಎರಡನೆಯದು: ಸುಲಭ ಮಾರ್ಗಗಳನ್ನು ಮನಸ್ಸಿಟ್ಟು ಅನುಸರಿಸಿ ನೋಡಿದ್ದಾಯಿತೆ? ಕೆಲಸದ ರೀತಿಯಲ್ಲಿ ಮಾರ್ಪಾಡು, ಕೆಲವು ತಿಂಗಳ ಫಿಸಿಯೋಥೆರಪಿ, ವೈದ್ಯರು ಹೇಳಿದ ಮಿತಿಯಲ್ಲಿ ನೋವಿನ ಮಾತ್ರೆ ಇವುಗಳಿಂದಲೇ ಎಷ್ಟೋ ಮಂದಿ ಸುಧಾರಿಸುತ್ತಾರೆ. ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲಕಾಲ ನೆಮ್ಮದಿ ಕೊಡಬಹುದು. ಆದರೆ ಅದಾದ ಸುಮಾರು ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿದರೆ ಸೋಂಕಿನ ಭಯ ಹೆಚ್ಚು.

ಮೂರನೆಯದು: ದೇಹ ಸಿದ್ಧವಾಗಿದೆಯೆ? ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಹಲ್ಲು ಚರ್ಮಗಳಲ್ಲಿ ಸೋಂಕಿರಬಾರದು, ಧೂಮಪಾನ ಬಿಟ್ಟಿರಬೇಕು.

ನಾಲ್ಕನೆಯದು: ನಿರೀಕ್ಷೆ ಏನು? ಈ ಚಿಕಿತ್ಸೆಯ ಪ್ರಧಾನ ಫಲ ನೋವಿನ ಪರಿಹಾರ. ಚಲನೆಯೂ ಸುಧಾರಿಸುತ್ತದೆ, ಆದರೆ ಇಪ್ಪತ್ತರ ಹರೆಯದ ಭುಜ ಮರಳಿ ಬರುತ್ತದೆಂದು ನಂಬಬಾರದು. ತುಂಬಿದ ಕೊಡ ಎತ್ತುವುದು, ಭಾರವಾದುದನ್ನು ದೂಡುವುದು ಇವುಗಳಿಗೆ ವಿದಾಯ ಹೇಳಬೇಕು. ತಿರುವು ಕೀಲಿನಲ್ಲಿ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದು ಹಲವರಿಗೆ ಕಷ್ಟ. ಸೀರೆಯನ್ನು ಹಿಂದೆ ಸಿಕ್ಕಿಸುವುದಕ್ಕೂ ಶೌಚಕ್ಕೂ ಆ ಕೈಯನ್ನೇ ಬಳಸುವವರು ಸಂಕೋಚಪಡದೆ ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಲಾಭ, ನಷ್ಟ, ತಾಳ್ಮೆ

ಕೃತಕ ಕೀಲು ಎಷ್ಟು ಕಾಲ ಬಾಳುತ್ತದೆ? ಬದಲಾಯಿಸಿದ 10 ಭುಜಗಳಲ್ಲಿ ಸುಮಾರು 9, ಹತ್ತು ವರ್ಷಗಳ ನಂತರವೂ ಕೆಡದೆ ನಡೆಯುತ್ತವೆ. ಆದರೆ ವಯಸ್ಸು ಕಡಿಮೆಯಾದಷ್ಟೂ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ಇಂಗ್ಲೆಂಡಿನ ರೋಗಿಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 55ರಿಂದ 59 ವರ್ಷದ ಗಂಡಸರಲ್ಲಿ ಜೀವಮಾನದಲ್ಲಿ 4ರಲ್ಲಿ ಒಬ್ಬರಿಗೆ ಇದು ಒದಗಬಹುದು; 85 ದಾಟಿದ ಹೆಂಗಸರಲ್ಲಾದರೋ 37ರಲ್ಲಿ ಒಬ್ಬರಿಗೆ ಮಾತ್ರ. ಕೀಲು ಸಡಿಲವಾಗುವುದು, ಜಾರುವುದು, ಸೋಂಕು, ನರಕ್ಕೆ ಪೆಟ್ಟು ಇವು ಅಪರೂಪವಾದರೂ ಇಲ್ಲವೆನ್ನುವಂತಿಲ್ಲ.

ಆಸ್ಪತ್ರೆಯ ವಾಸ ಸಾಮಾನ್ಯವಾಗಿ ಕೆಲವೇ ದಿನ. ನಿಜವಾದ ಪರೀಕ್ಷೆ ಮನೆಯಲ್ಲಿ. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಆರು ವಾರದವರೆಗೆ ವಾಹನ ನಡೆಸುವಂತಿಲ್ಲ. ನೆಲದ ಮೇಲೆ ಕುಳಿತವರು ಆ ಕೈ ಊರಿ ಏಳುವಂತಿಲ್ಲ. ತಲೆ ಬಾಚಲು, ಸ್ನಾನಕ್ಕೆ, ಊಟ ಬಡಿಸಲು ಇನ್ನೊಬ್ಬರ ಕೈ ಬೇಕು. ಪ್ರತಿದಿನ ವ್ಯಾಯಾಮವನ್ನು ತಪ್ಪಿಸುವಂತಿಲ್ಲ. ಪೂರ್ಣ ಫಲ ಕಾಣಲು ಆರು ತಿಂಗಳಿಂದ ಒಂದು ವರ್ಷ. ಆದುದರಿಂದ ಚಿಕಿತ್ಸೆಯ ವೆಚ್ಚವನ್ನು ಲೆಕ್ಕ ಹಾಕುವಾಗ ಮನೆಯವರ ಬಿಡುವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸವೆದ ಕೀಲು ಅವಸರದ ರೋಗವಲ್ಲ. ತೋಳಿನ ತಲೆ ಚೂರುಚೂರಾದ ಮುರಿತದಲ್ಲಿ ಮಾತ್ರ ಬೇಗನೆ ನಿರ್ಧರಿಸಬೇಕಾಗುತ್ತದೆ. ಉಳಿದವರಿಗೆ ಯೋಚಿಸಲು, ಇನ್ನೊಬ್ಬ ತಜ್ಞರನ್ನು ಕಾಣಲು ಕಾಲಾವಕಾಶವುಂಟು. ಹಾಗೆಂದು ವರ್ಷಗಟ್ಟಲೆ ಮುಂದೂಡುವುದೂ ತರವಲ್ಲ. ತಟ್ಟೆಯ ಮೂಳೆ ತೀರ ಸವೆದು ಸ್ನಾಯುಗಳು ಕ್ಷೀಣಿಸಿದರೆ ಮುಂದಿನ ಚಿಕಿತ್ಸೆ ಜಟಿಲವಾಗುತ್ತದೆ. ಕಾಯುವವರು ವೈದ್ಯರ ಕಣ್ಣಳತೆಯಲ್ಲಿಯೇ ಕಾಯಬೇಕು.

ಮತ್ತೆ ಆ ಮನೆಗೆ ಬರುವುದಾದರೆ, ತಾಯಿ ಮರುವಾರ ಮಗನೊಡನೆ ವೈದ್ಯರಲ್ಲಿಗೆ ಹೋಗುತ್ತಾರೆ. ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಾರೆ: ಯಾವ ಕೀಲು, ತಿಂಗಳೆಷ್ಟು ಬೇಕು, ತುರುಬು ಕಟ್ಟಲಾದೀತೆ? ಎಲ್ಲವನ್ನೂ ಕೇಳಿ ಮನೆಗೆ ಬಂದು ಹೇಳುತ್ತಾರೆ:

"ಮೂರು ತಿಂಗಳು ವ್ಯಾಯಾಮ ಮಾಡಿ ನೋಡುತ್ತೇನೆ. ಆಗಲೂ ನಿದ್ರೆ ಬಾರದಿದ್ದರೆ ಮಾಡಿಸಬೇಕು ಎಂದು ನಾನೇ ಹೇಳುತ್ತೇನೆ. ನೀನು ರಜೆ ಉಳಿಸಿಕೊಂಡಿರಪ್ಪ."